ಪದಚರ್ಚೆ: ಯುದ್ಧದ ಆಟಗಳಲ್ಲಿ ಬರುವ 'ಜೋನ್ ಆಫ್ ಕಂಟ್ರೋಲ್'ಗೆ ಕನ್ನಡದಲ್ಲಿ ಏನನ್ನಬಹುದು?

ಗೆಳೆಯರೇ,

ಒಂದು ಪದ ತುರ್ತಾಗಿ ಬೇಕಾಗಿದೆ. ಜೊತೆಗೆ ಇನ್ನೂ ನಾಲ್ಕೈದು ಪದಗಳ ಬಗ್ಗೆ ನಿಮ್ಮ ಮಾತು ಕೇಳಬೇಕು.

ಇತಿಹಾಸದ ಕಾಳಗಗಳನ್ನು ಕಂಪ್ಯೂಟರಿನಲ್ಲಿ ಸರದಿ ಪ್ರಕಾರ ಆಡುವ ಆಟಗಳಿವೆ ಅಲ್ವಾ, ನಾನು ನನ್ನ ಪಡೆಗಳನ್ನೆಲ್ಲ ನಡೆಸಿ ಮುಗಿಸುವವರೆಗೆ ಎದುರಾಳಿ ಕಾಯಬೇಕು, ಆಮೇಲೆ ನಾನು ಕಾಯಬೇಕು. ಕೈಚಳಕ ಬೇಕಿಲ್ಲ, ಯೋಚನೆ ಬೇಕು. ಇವುಗಳಲ್ಲಿ ಒಳ್ಳೊಳ್ಳೆಯವೇ ಕಡಿಮೆ ಬೆಲೆಗೆ ಸಿಗುತ್ತವೆ. ಡಿಸ್ಕೌಂಟ್ ಬಂದಾಗ ಕಾದು ಕೊಂಡರೆ ಇನ್ನೂ ಅಗ್ಗ, ಕೆಲವಂತೂ ಪುಕ್ಕಟೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ. ಹೊಸಬರಿಗಾಗಿ ಇವುಗಳ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಓದಲು ಹಿಂಜರಿಯುವ ಹುಡುಗರೂ ಓದಿ ಆಡುವಂತಿರಬೇಕು ಅನ್ನುವುದು ನನ್ನ ಆಸೆ. ಬರೆಯುತ್ತಾ ಹೋದಂತೆ ಪದಗಳ ಹತ್ತಿರ ನಿಲ್ಲುತ್ತಿದ್ದೇನೆ.

ಮೊದಲು ಆ ಮುಖ್ಯ ಪದ. 1994ರಲ್ಲಿ ಬಂದ 'ಪ್ಯಾಂಜರ್ ಜನರಲ್' ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದ ಆಟ. ನಕಾಶೆ ತುಂಬ ಆರು ಮೂಲೆಯ ಮನೆಗಳು. ನನ್ನ ಟ್ಯಾಂಕ್ ಪಡೆ ಒಂದು ಸರದಿಯಲ್ಲಿ ಆರು ಮನೆ ನಡೆಯಬಲ್ಲದು ಅಂದುಕೊಳ್ಳಿ. ಮೂರನೇ ಮನೆಗೆ ಬಂದಾಗ ಪಕ್ಕದ ಮನೆಯಲ್ಲಿ ಶತ್ರುವಿನ ಕಾಲಾಳು ಪಡೆ ಇದ್ದರೆ ಅಲ್ಲೇ ನಿಲ್ಲಬೇಕು. ಉಳಿದ ಮೂರು ಮನೆಯ ನಡಿಗೆ ಆ ಸರದಿಗೆ ಹೋದಂತೆಯೇ. ಗುಂಡು ಹಾರಿರಬೇಕೆಂದೇನೂ ಇಲ್ಲ, ಶತ್ರು ಪಕ್ಕದಲ್ಲಿದ್ದರೆ ಸಾಕು. ಹೀಗೆ ಒಂದು ಪಡೆ ತನ್ನ ಸುತ್ತಲಿನ ಆರು ಮನೆಗಳ ಮೇಲೆ ಬೀರುವ ಪ್ರಭಾವಕ್ಕೆ 'ಜೋನ್ ಆಫ್ ಕಂಟ್ರೋಲ್' ಎನ್ನುತ್ತಾರೆ. ಕೆಲವು ಆಟಗಳಲ್ಲಿ ಪೂರ್ತಿ ನಿಲ್ಲಿಸುವ ಬದಲು ನಡಿಗೆ ದುಬಾರಿಯಾಗುತ್ತದೆ. ಹೇಗೇ ಇದ್ದರೂ ಈ ನಿಯಮ ಇಲ್ಲದಿದ್ದರೆ ಆಟವೇ ಕೆಡುತ್ತದೆ. ಪಡೆಗಳ ನಡುವೆ ಒಂದೆರಡು ಮನೆ ಖಾಲಿ ಬಿಟ್ಟು ಸಾಲು ಕಟ್ಟಲು ಧೈರ್ಯ ಬರುವುದೇ ಇದರಿಂದ. ಇಲ್ಲವಾದರೆ ಶತ್ರು ಸಂದಿಯಲ್ಲಿ ಸಲೀಸಾಗಿ ನುಗ್ಗಿ ಹಿಂದೆ ಬಂದುಬಿಡುತ್ತಾನೆ.

'ನಿಯಂತ್ರಣ ವಲಯ' ಎಂದು ಬರೆದು ನೋಡಿದೆ. ಆಟ ಆಡುವ ಮಾತೇ ಅಲ್ಲ ಅದು, ಸರ್ಕಾರಿ ಸುತ್ತೋಲೆಯ ಮಾತು. 'ಕಾವಲು' ಚೆನ್ನಾಗಿದೆ, ಆದರೆ ಕಾವಲು ಅಂದರೆ ನಮ್ಮದನ್ನು ನಾವು ಕಾಯುವುದು. ಇಲ್ಲಿ ಇನ್ನೊಬ್ಬನನ್ನು ನಿಲ್ಲಿಸುವುದೇ ಮುಖ್ಯ. 'ಹಿಡಿತ' ಬಹಳ ಹತ್ತಿರ ಬರುತ್ತದೆ. ಆದರೆ 'ಊರು ಶತ್ರುವಿನ ಹಿಡಿತದಲ್ಲಿದೆ' ಅಂದರೆ ಊರನ್ನು ಗೆದ್ದುಕೊಂಡಿದ್ದಾನೆ ಎಂದೇ ಅರ್ಥ. ಇದೇ ಆಟದಲ್ಲಿ ಊರುಗಳನ್ನು ಗೆಲ್ಲುವುದೂ ಇದೆ, ಎರಡೂ ಕಲಸಿಹೋಗುತ್ತವೆ. ಸದ್ಯಕ್ಕೆ 'ತಡೆಮನೆ' ಎಂದು ಬಳಸುತ್ತಿದ್ದೇನೆ. 'ಶತ್ರುವಿನ ತಡೆಮನೆಗೆ ಕಾಲಿಟ್ಟರೆ ಅಲ್ಲೇ ನಿಲ್ಲಬೇಕು.' ಓದಿದವರಿಗೆ ಕೂಡಲೇ ತಿಳಿಯುತ್ತದೆ ಅನಿಸುತ್ತದೆ. 'ಈ ಪಡೆ ಸುತ್ತಲಿನ ಆರೂ ಮನೆಗಳನ್ನು ತಡೆಯುತ್ತದೆ' ಎಂದು ಕ್ರಿಯಾಪದವೂ ಸಿಗುತ್ತದೆ. ಇದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ದಯವಿಟ್ಟು ತಿಳಿಸಿ.

'ಮನೆ' ಎಂದು ಬರೆದದ್ದನ್ನು ನೀವು ಗಮನಿಸಿರುತ್ತೀರಿ. ಆರು ಮೂಲೆಯ ಈ ಮನೆಗೆ ಇಂಗ್ಲಿಷಿನಲ್ಲಿ 'ಹೆಕ್ಸ್' ಎನ್ನುತ್ತಾರೆ, ಕನ್ನಡದಲ್ಲಿ 'ಷಟ್ಕೋನ' ಅನ್ನುವವರಿದ್ದಾರೆ. ಗಣಿತದ ಪಾಠಕ್ಕೆ ಅದು ಸರಿ. ಆಟಕ್ಕೆ ನಮ್ಮಲ್ಲಿ ಮೊದಲಿನಿಂದ ಇರುವುದು ಮನೆಯೇ. ಚೌಕಾಬಾರದಲ್ಲಿ ಮನೆ, ಪಗಡೆಯಲ್ಲಿ ಮನೆ, ಚದುರಂಗದಲ್ಲೂ ಮನೆ. ನಾಲ್ಕು ಮೂಲೆಯೋ ಆರು ಮೂಲೆಯೋ ಅನ್ನುವುದನ್ನು ಒಮ್ಮೆ ಹೇಳಿದರೆ ಸಾಕು. ಆರು ಮೂಲೆ ಯಾಕೆ ಅನ್ನುವುದಕ್ಕೂ ಕಾರಣ ಸರಳ. ಚೌಕದ ಮನೆಗಳಲ್ಲಿ ಓರೆಯಾಗಿ ನಡೆದರೆ ಒಂದೇ ನಡೆಗೆ 1.4ರಷ್ಟು ದೂರ ಹೋಗುತ್ತೇವೆ. ಆರು ಮೂಲೆಯಲ್ಲಿ ಅಕ್ಕಪಕ್ಕದ ಆರೂ ಮನೆ ಸಮದೂರ. ಅಮೆರಿಕದ ಅವಲಾನ್ ಹಿಲ್ ಕಂಪನಿ 1961ರಲ್ಲಿ ತನ್ನ 'ಗೆಟಿಸ್‌ಬರ್ಗ್' ಹಾಸಿನ ಆಟಕ್ಕೆ ಇದನ್ನು ತಂದಿತು. ಆಮೇಲೆ ಇಂಥ ಆಟಗಳಲ್ಲಿ ಇದೇ ರೂಢಿಯಾಯಿತು.

'ಟರ್ನ್' ಅನ್ನುವ ಪದದಲ್ಲಿ ಕನ್ನಡ ನಮಗೆ ಅನುಕೂಲ ಮಾಡಿಕೊಡುತ್ತದೆ. ಇಂಗ್ಲಿಷಿನಲ್ಲಿ ನನ್ನ ಬಾರಿಯೂ ಟರ್ನ್, ಇಬ್ಬರೂ ಆಡಿ ಮುಗಿಸಿದ ಒಂದು ಅವಧಿಯೂ ಟರ್ನ್. ಹೊಸಬರು ಇಲ್ಲೇ ತಡವರಿಸುತ್ತಾರೆ. ನಾನು ಮೊದಲನೆಯದಕ್ಕೆ 'ಸರದಿ', ಎರಡನೆಯದಕ್ಕೆ 'ಸುತ್ತು' ಎಂದು ಬಿಡಿಸಿದ್ದೇನೆ. ಒಂದೊಂದು ಪಡೆಯನ್ನು ನಡೆಸುವುದು 'ನಡೆ'. 'ಎಂಟನೇ ಸುತ್ತಿನೊಳಗೆ ಸೇತುವೆ ಹಿಡಿಯಬೇಕು' ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಧಾರವಾಡದ ಕಡೆಯವರು ಸರದಿಯ ಬದಲು 'ಪಾಳಿ' ಎನ್ನಬಹುದು. ಅದೂ ಚೆಂದ, ಆದರೆ ಮೈಸೂರಿನ ಕಡೆ ಪಾಳಿ ಅಂದರೆ ಕಾರ್ಖಾನೆಯ ಶಿಫ್ಟ್ ನೆನಪಾಗುವುದೇ ಜಾಸ್ತಿ.

ಈಗ ನನಗೆ ತುಂಬ ಇಷ್ಟವಾದ ಭಾಗ. 2017ರಲ್ಲಿ ಬಂದ 'ಫೀಲ್ಡ್ ಆಫ್ ಗ್ಲೋರಿ 2' ರೋಮ್, ಕಾರ್ತೇಜ್ ಕಾಲದ ಸೈನ್ಯಗಳ ಆಟ. ಇದರಲ್ಲಿ ಮನೆಗಳು ಚೌಕ. ಎಷ್ಟು ಜನ ಸತ್ತರು ಅನ್ನುವುದಕ್ಕಿಂತ ಸಾಲು ಎಷ್ಟು ಗಟ್ಟಿಯಾಗಿ ನಿಂತಿದೆ ಅನ್ನುವುದು ಇಲ್ಲಿ ಹೆಚ್ಚು ಮುಖ್ಯ. ಪ್ರತಿ ಪಡೆಗೂ ನಾಲ್ಕು ಸ್ಥಿತಿಗಳು: ಸ್ಟೆಡಿ, ಡಿಸ್ರಪ್ಟೆಡ್, ಫ್ರಾಗ್ಮೆಂಟೆಡ್, ರೌಟೆಡ್. ಪಕ್ಕದಿಂದಲೋ ಹಿಂದಿನಿಂದಲೋ ಹೊಡೆತ ಬಿದ್ದರೆ ಪಡೆ ಬೇಗ ಕೆಳಗಿನ ಸ್ಥಿತಿಗೆ ಇಳಿಯುತ್ತದೆ. ಒಂದು ಪಡೆ ಓಡತೊಡಗಿದರೆ ಅಕ್ಕಪಕ್ಕದವರ ಕೆಚ್ಚೂ ಕುಂದಬಹುದು. ಕ್ರಿ.ಪೂ. 216ರಲ್ಲಿ ಇಟಲಿಯ ಕ್ಯಾನೆಯಲ್ಲಿ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ತನಗಿಂತ ದೊಡ್ಡದಾದ ರೋಮನ್ ಸೈನ್ಯವನ್ನು ಎರಡೂ ಬದಿಯಿಂದ ಸುತ್ತುವರಿದು ಮುಗಿಸಿದ್ದು ಯಾಕೆ ಸಾಧ್ಯವಾಯಿತು ಎಂದು ಈ ಆಟ ಆಡಿದವರಿಗೆ ಬೇಗ ಅರ್ಥವಾಗುತ್ತದೆ.

ಈ ನಾಲ್ಕಕ್ಕೆ ನಿಘಂಟು ತೆರೆಯಬೇಕಾಗಿಯೇ ಇಲ್ಲ. ಗಟ್ಟಿ. ಸಾಲು ಕೆಟ್ಟಿದೆ. ಚೆಲ್ಲಾಪಿಲ್ಲಿ. ದಿಕ್ಕಾಪಾಲು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇರುವ ವ್ಯತ್ಯಾಸವೂ ಸರಿಯಾಗಿ ಬರುತ್ತದೆ. ಚೆಲ್ಲಾಪಿಲ್ಲಿಯಾದವರನ್ನು ಮತ್ತೆ ಕೂಡಿಸಬಹುದು. ದಿಕ್ಕಾಪಾಲಾಗಿ ಓಡಿದವರು ಕೈಗೆ ಸಿಗುವುದು ಕಷ್ಟ. ಇನ್ನು 'ಮೊರಾಲ್' ಬಗ್ಗೆ ಒಂದು ಮಾತು. ಪತ್ರಿಕೆಗಳು 'ನೈತಿಕ ಸ್ಥೈರ್ಯ' ಎಂದು ಬರೆಯುತ್ತವೆ. ದಂಡಿನ ಧೈರ್ಯಕ್ಕೂ ನೀತಿಗೂ ಏನು ಸಂಬಂಧ? 'ಕೆಚ್ಚು' ಇರುವಾಗ ಅದು ಬೇಡವೇ ಬೇಡ. ಕೆಚ್ಚು ಏರುತ್ತದೆ, ಕುಂದುತ್ತದೆ, ಕೆಚ್ಚೆದೆಯೂ ಇದೆ. ನಮ್ಮ ಪಡೆಗಳ ಕಣ್ಣಿಗೆ ಬೀಳದ ಜಾಗವನ್ನು ಆಟ ಮರೆಮಾಡುತ್ತದಲ್ಲ, ಆ 'ಫಾಗ್ ಆಫ್ ವಾರ್'ಗೆ 'ಮಬ್ಬು' ಹಾಕಿದ್ದೇನೆ: 'ಮಬ್ಬಿನೊಳಗಿರುವ ಪಡೆ ಕಾಣುವುದಿಲ್ಲ.' ಅದು ಸಾಕು.

ಕೊನೆಯದು 'ಸಪ್ಲೈ'. 2011ರ 'ಯೂನಿಟಿ ಆಫ್ ಕಮಾಂಡ್' ಆಟದ ಜೀವಾಳ ಇದೇ. ಕ್ರೊಯೇಷಿಯಾದ ಚಿಕ್ಕ ತಂಡವೊಂದು ಮಾಡಿದ ಆಟ, ಸ್ಟಾಲಿನ್‌ಗ್ರಾಡ್ ಸುತ್ತಲಿನ ಕದನಗಳದ್ದು. ಶತ್ರುವನ್ನು ಎದುರಿನಿಂದ ಗುದ್ದಿ ಗೆಲ್ಲುವುದು ಕಷ್ಟ. ಸಂದಿ ಮಾಡಿಕೊಂಡು ಹಿಂದೆ ಹೋಗಿ ರೈಲು ದಾರಿಯನ್ನು ಕಡಿದರೆ ಮುಂದಿರುವ ಪಡೆಗಳು ಸುತ್ತು ಕಳೆದಂತೆ ಸೊರಗುತ್ತವೆ. 1942ರ ನವೆಂಬರ್ 19ರಿಂದ 23ರವರೆಗೆ ಸೋವಿಯತ್ ಸೇನೆ ನಿಜವಾಗಿ ಮಾಡಿದ್ದೂ ಇದನ್ನೇ. ಪಕ್ಕದಲ್ಲಿದ್ದ ರೊಮೇನಿಯಾದ ಪಡೆಗಳನ್ನು ಮುರಿದು, ಕಲಾಚ್ ಬಳಿ ಎರಡೂ ಕಡೆಯಿಂದ ಕೂಡಿಕೊಂಡು, ಜರ್ಮನಿಯ 6ನೇ ಸೇನೆಯ ದಾರಿ ಮುಚ್ಚಿತು. 1943ರ ಫೆಬ್ರವರಿ 2ರ ಹೊತ್ತಿಗೆ ಉಳಿದವರೂ ಶರಣಾದರು.

'ಪೂರೈಕೆ', 'ಸರಬರಾಜು' ಎರಡೂ ನಡೆಯುತ್ತವೆ. 'ಸರಬರಾಜು ನಿಂತಿದೆ' ಅನ್ನುವುದು ದಿನಾ ಕೇಳುವ ಮಾತು. ಆದರೆ ನನ್ನ ಮನಸ್ಸು ಇನ್ನೊಂದರ ಕಡೆ ಇದೆ: 'ಹೇರು'. ಎತ್ತಿನ ಬೆನ್ನ ಮೇಲೆ ಹೊರಿಸುವ ಹೊರೆ ಹೇರು, ಹೊರುವ ಎತ್ತು ಹೇರೆತ್ತು. ನಮ್ಮ ನಾಡಿನ ಯುದ್ಧಗಳು ನಡೆದದ್ದೇ ಅದರ ಮೇಲೆ. 1791ರ ಮೇ ತಿಂಗಳಲ್ಲಿ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅರಕೆರೆಯ ಹತ್ತಿರ ಕಾಳಗ ಗೆದ್ದೂ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲಾಗಲಿಲ್ಲ. ದವಸವಿಲ್ಲ, ಎತ್ತುಗಳು ಸಾಯುತ್ತಿವೆ, ಮಳೆ ಬೇರೆ. ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಬೆಂಗಳೂರಿಗೆ ಹಿಂದಿರುಗಿದ. ಬಂಜಾರರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಬಂದು ಸೈನ್ಯಗಳಿಗೆ ಮಾರುತ್ತಿದ್ದ ಕಾಲ ಅದು. ಆ ಪದವೇ ಇಲ್ಲಿ ಬಂದರೆ ಎಷ್ಟು ಚೆನ್ನ ಅನಿಸುತ್ತದೆ. 'ಹೇರುದಾರಿ ಕಡಿದಿದೆ', 'ಈ ಪಡೆಗೆ ಹೇರು ತಲುಪಿಲ್ಲ'. ತೊಡಕು ಒಂದೇ: ಈಗ 'ಹೇರಿಕೆ' ಅಂದರೆ ಒತ್ತಾಯದಿಂದ ಹೇರುವುದು ಎಂಬ ಅರ್ಥವೇ ಮುಂದೆ ಬಂದಿದೆ. ಲಾರಿಗೆ ಮೂಟೆ ಹೇರುವುದು ಮಾತ್ರ ಹಳೆಯ ಅರ್ಥದಲ್ಲೇ ಉಳಿದಿದೆ.

ಹಾಗಾಗಿ ಎರಡು ಪ್ರಶ್ನೆ. ನಿಮ್ಮ ಕಡೆ 'ಹೇರು' ನಾಮಪದವಾಗಿ, ಹೊರೆ ಅನ್ನುವ ಅರ್ಥದಲ್ಲಿ, ಈಗಲೂ ಬಳಕೆಯಲ್ಲಿದೆಯೇ? ಹದಿನೈದು ವರ್ಷದ ಹುಡುಗನಿಗೆ 'ಹೇರುದಾರಿ' ಅಂದರೆ ಹೊಳೆಯುತ್ತದೆಯೇ, ಅಥವಾ ಸುಮ್ನೆ 'ಸರಬರಾಜು ದಾರಿ' ಎಂದೇ ಬಿಡಲೇ? ಮತ್ತೆ, ಹುಲಿ-ಕುರಿ ಆಟ ಆಡಿ ಬೆಳೆದವರು ಯಾರಾದರೂ ಇದ್ದರೆ ಹೇಳಿ: ಹುಲಿಗೆ ಆ ಕಡೆ ಹೋಗಲಾಗದಂತೆ ಕುರಿಗಳು ಅಡ್ಡ ನಿಂತ ಜಾಗಕ್ಕೆ ನಿಮ್ಮ ಊರಿನಲ್ಲಿ ಪ್ರತ್ಯೇಕ ಹೆಸರಿತ್ತೇ? ಇದ್ದರೆ ನನ್ನ 'ತಡೆಮನೆ'ಯನ್ನು ತೆಗೆದು ಅದನ್ನೇ ಹಾಕುತ್ತೇನೆ.