ವಾರ್ಜಾಜಾತ್ ಪ್ರಾಂತ್ಯಕ್ಕೆ ಐದು ದಿನ ಸಾಕೇ? ಹೋಗಿಬಂದವರು ಹೇಳಿ

ಪ್ರಶ್ನೆ: ಜನವರಿ ಕೊನೆಗೆ ಅಪ್ಪ, ಅಮ್ಮನೊಂದಿಗೆ ಮೊರಾಕ್ಕೊಗೆ ಹೊರಟಿದ್ದೇನೆ. ಅಮ್ಮನಿಗೆ ಮಂಡಿನೋವು. ವಾರ್ಜಾಜಾತ್ ಊರಿನಲ್ಲೇ ತಂಗಿ ಐತ್ ಬೆನ್‌ಹದ್ದು ಎಂಬ ಮಣ್ಣಿನ ಕೋಟೆಹಳ್ಳಿ, ತೊದ್ರಾ ಕಂದರ, ಮೆರ್ಜೂಗಾದ ಮರಳುದಿಬ್ಬ ಮೂರನ್ನೂ ನೋಡಬಹುದೇ?

ಶಿವಮೊಗ್ಗದವನು: ಜನವರಿಯೇ? ನನ್ನ ಕಥೆ ಕೇಳಿ. ಮರಾಕೆಶ್‌ನಿಂದ ಸುಮಾರು 200 ಕಿ.ಮೀ., ನಾಲ್ಕು ತಾಸು ಎಂದು ಹೊರಟೆವು. ನಡುವೆ ತಿಜಿ ನ್ ತಿಶ್ಕಾ ಕಣಿವೆದಾರಿ, 2,260 ಮೀಟರ್ ಎತ್ತರ. ಹಿಮ ಬಿದ್ದು ರಸ್ತೆ ಮುಚ್ಚಿದ್ದರು. ಟ್ಯಾಕ್ಸಿಗೆ ಮಾತಾಡಿದ್ದು 1,400 ದಿರ್ಹಮ್ (ಅಲ್ಲಿಯ ಹಣ). ಕಾದ ಎರಡು ದಿನಕ್ಕೆ ತಲಾ 300. ದಾರಿಬದಿಯ ಕೋಣೆ ರಾತ್ರಿಗೆ 450, ಹೀಟರಿಗೆ ಬೇರೆ 50. ಮುಂದಿನ ಊರಿನ ಹೋಟೆಲಿಗೆ ಕಟ್ಟಿದ್ದ 620 ಹೋಯಿತೇ ಹೋಯಿತು. ಮರಳುಗಾಡು ತೋರಿಸುತ್ತೇನೆಂದು ಹಿಮ ತೋರಿಸಿದಿರಿ ಎಂದು ಮನೆಯವಳು ಇಂದಿಗೂ ಚುಚ್ಚುತ್ತಾಳೆ.

ಹುಬ್ಬಳ್ಳಿಯವಳು: ಹಿಮ ಕರಗುತ್ತದೆ, ನಕ್ಷೆಯ ತಪ್ಪು ಕರಗುವುದಿಲ್ಲ. ತೊದ್ರಾ ಈಗ ವಾರ್ಜಾಜಾತ್‌ನಲ್ಲಿಲ್ಲ. 2009ರಲ್ಲಿ ತೊದ್ರಾ ಇರುವ ತಿಂಗೀರ್ ಪ್ರತ್ಯೇಕ ಪ್ರಾಂತ್ಯವಾಯಿತು. ಮೆರ್ಜೂಗಾ ಇರುವುದು ಎರ್ರಶಿದಿಯಾ ಪ್ರಾಂತ್ಯದಲ್ಲಿ, ವಾರ್ಜಾಜಾತ್‌ನಿಂದ 350 ಕಿ.ಮೀ.ಗೂ ಹೆಚ್ಚು. ನಾನು ಹಳೆಯ ನಕ್ಷೆ ನಂಬಿ, ‘ಪ್ರಾಂತ್ಯದೊಳಗಿನ ಪ್ರವಾಸ’ ಎಂಬ ಕರಾರಿಗೆ ಸಹಿ ಹಾಕಿದೆ. ಗಡಿ ದಾಟಿದ್ದಕ್ಕೆ 1,100 ದಿರ್ಹಮ್ ಹೆಚ್ಚುವರಿ ಕಿತ್ತರು. ನಾಲ್ಕು ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ.

ಸೌರಸ್ಥಾವರದವನು: ಗಡಿಯಲ್ಲಿ ಒಂದು ಫಲಕವಿದೆ ಅಷ್ಟೆ, ಗೇಟಿಲ್ಲ. ನಿಮ್ಮನ್ನು ಸುಲಿದದ್ದು ಏಜೆಂಟ್, ಭೂಗೋಳವಲ್ಲ. ನಾನು ವಾರ್ಜಾಜಾತ್‌ನ ನೂರ್ ಸೌರವಿದ್ಯುತ್ ಸ್ಥಾವರದಲ್ಲಿ ಎರಡು ವರ್ಷ ದುಡಿದವನು. ರಜೆ ಸಿಕ್ಕಾಗಲೆಲ್ಲ ಆರು ಜನರ ಟ್ಯಾಕ್ಸಿಯಲ್ಲಿ ಎರಡು ಸೀಟಿನ ಹಣ ಕೊಟ್ಟು, ಕಾಲು ಚಾಚಿಕೊಂಡು, ದ್ರಾ ಕಣಿವೆಯ ಖರ್ಜೂರದ ತೋಟಗಳ ನಡುವೆ ಜಗೋರಾ ಊರಿಗೆ ಹೋಗುತ್ತಿದ್ದೆ. ನದಿಯಲ್ಲಿ ನೀರು ಕಂಡದ್ದು ಒಮ್ಮೆಯೋ ಎರಡು ಬಾರಿಯೋ. ಹಿಮದ ಭಯವಿದ್ದರೆ ಅಗಾದಿರ್ ಕಡೆಯಿಂದ, ತಾಲಿವೀನ್ ಮೂಲಕ ಬನ್ನಿ. ಅಲ್ಲಿ ಕೇಸರಿಯೂ ಸಿಗುತ್ತದೆ.

ಹುಬ್ಬಳ್ಳಿಯವಳು: ಎರಡು ವರ್ಷ ಇದ್ದವರಿಗೆ ಯಾವ ಕಾಗದಕ್ಕೆ ಯಾವ ಕಚೇರಿ ಎಂಬುದಾದರೂ ಗೊತ್ತಿರಬೇಕಲ್ಲ. ಅಲ್ಲಿ ಕಾಯಿದ್ ಎಂಬ ಸರ್ಕಾರಿ ಅಧಿಕಾರಿ ಇರುತ್ತಾನಲ್ಲ, ಅವನು ನಮ್ಮ ತಹಶೀಲ್ದಾರರಂತೆ ತಾನೆ?

ಸೌರಸ್ಥಾವರದವನು: ಅಲ್ಲ. ಪ್ರಾಂತ್ಯಕ್ಕೆ ಗವರ್ನರ್, ಕೆಳಗೆ ಸರ್ಕಲ್ ಎಂಬ ಆಡಳಿತ ವಿಭಾಗ, ಅದರ ಕೆಳಗೆ ಕಾಯಿದ್. ಹೋಲಿಸಲೇಬೇಕಾದರೆ ಹೋಬಳಿಗೆ ಹೋಲಿಸಿ. ಕಮ್ಯೂನಿನ (ಸ್ಥಳೀಯ ಸಂಸ್ಥೆಯ) ಅಧ್ಯಕ್ಷ ಚುನಾಯಿತ, ಅದು ಬೇರೆಯೇ ಸಾಲು. ಈ ವ್ಯತ್ಯಾಸ ತಿಳಿಯದೆ ವಾಸದ ಪತ್ರಕ್ಕಾಗಿ ಹನ್ನೊಂದು ಸಲ ಅಲೆದಿದ್ದೇನೆ, ನನಗೇ ಪಾಠ ಬೇಡ.

ಶಿವಮೊಗ್ಗದವನು: ನಾನೂ ಕೇಸರಿ ತಂದೆ, ವಾರ್ಜಾಜಾತ್‌ನದೇ ಬೆಳೆ ಎಂದು ಅಂಗಡಿಯವನು ಆಣೆ ಮಾಡಿದ.

ಸೌರಸ್ಥಾವರದವನು: ಕೇಸರಿಗೆ ಹೆಸರಾದ ತಾಲಿವೀನ್ ತಾರೂದಾಂತ್ ಪ್ರಾಂತ್ಯದ್ದು. 2015ರವರೆಗೆ ಎರಡೂ ಪ್ರಾಂತ್ಯ ಅಗಾದಿರ್ ಕೇಂದ್ರವಾಗಿದ್ದ ಒಂದೇ ಪ್ರದೇಶದಲ್ಲಿದ್ದವು (ಪ್ರದೇಶ ಎಂದರೆ ಹಲವು ಪ್ರಾಂತ್ಯಗಳ ಆಡಳಿತ ಘಟಕ). ಈಗ ವಾರ್ಜಾಜಾತ್ ಇರುವುದು ಎರ್ರಶಿದಿಯಾ ಕೇಂದ್ರವಾದ ಪ್ರದೇಶದಲ್ಲಿ. ನೀವು ತಂದದ್ದು ಬಣ್ಣದ ನಾರಿರಬೇಕು.

ಶಿವಮೊಗ್ಗದವನು: ಗ್ರಾಮಿಗೆ 40 ದಿರ್ಹಮ್ ಕೊಟ್ಟಿದ್ದೇನೆ ಸ್ವಾಮಿ, ರಸೀದಿಯ ಚಿತ್ರ ಹಾಕಲೇ?

ಹುಬ್ಬಳ್ಳಿಯವಳು: ಹಾಕಿ. ಕೇಸರಿಯದ್ದೂ ಹಾಕಿ.