ಪದಚರ್ಚೆ: ಪೂಹೋಲ್ಸ್ ‘ಗಿಟ್ಟಿಸಿಕೊಂಡ’, ಏಂಜಲ್ಸ್‌ಗೆ ‘ಗಿಟ್ಟಲಿಲ್ಲ’ – ಹಾಗಾದರೆ ಅದು ಗುತ್ತಿಗೆಯೋ, ಕರಾರೋ, ಚೇಣಿಯೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಬೇಸ್‌ಬಾಲ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಆಟಗಾರ ಆಲ್ಬರ್ಟ್ ಪೂಹೋಲ್ಸ್‌ಗೆ ಏಂಜಲ್ಸ್ ತಂಡ ಸುರಿದ ದುಡ್ಡು ದಂಡವಾಯಿತೋ ಇಲ್ಲವೋ ಅನ್ನುವುದು ವಿಷಯ. ನಮ್ಮ ಮನೆ ಏಂಜಲ್ಸ್ ಆಡುವ ಊರಾದ ಆನಹೈಮ್‌ಗೆ ಹತ್ತಿರ, ಹಾಗಾಗಿ ಹತ್ತು ವರ್ಷ ಈ ಜಗಳ ಕೇಳಿ ಕೇಳಿ ಕಿವಿ ತೂತಾಗಿದೆ. ಬರೆಯುವುದಕ್ಕೆ ಸರಕು ಬೇಕಾದಷ್ಟಿದೆ. ಆದರೆ ಲೇಖನ ಎರಡನೇ ಸಾಲಿನಲ್ಲೇ ಒಂದು ಪದಕ್ಕೆ ಸಿಕ್ಕಿ ನಿಂತಿದೆ.

“2011ರ ಡಿಸೆಂಬರಿನಲ್ಲಿ ಪೂಹೋಲ್ಸ್ ಹತ್ತು ವರ್ಷದ ಗುತ್ತಿಗೆಗೆ ಸಹಿ ಹಾಕಿದ” ಎಂದು ಬರೆದು ಊರಲ್ಲಿರುವ ಅಕ್ಕನಿಗೆ ಕಳಿಸಿದೆ. ಅವಳು ಓದಿ, “ಪಾಪ, ಹನ್ನೊಂದು ವರ್ಷ ಆಡಿದ ಮೇಲೂ ಪರ್ಮನೆಂಟ್ ಮಾಡಲಿಲ್ವಾ?” ಅಂದಳು. ನಗು ಬಂತು, ಆಮೇಲೆ ಅವಳದ್ದೇ ಸರಿ ಅನ್ನಿಸಿತು. ಇವತ್ತಿನ ಕರ್ನಾಟಕದಲ್ಲಿ ‘ಗುತ್ತಿಗೆ’ ಅಂದರೆ ಗುತ್ತಿಗೆ ಉಪನ್ಯಾಸಕ, ಗುತ್ತಿಗೆ ಪೌರಕಾರ್ಮಿಕ. ಕಡಿಮೆ ಸಂಬಳ, ನಾಳೆ ಬರಬೇಡ ಅಂದರೆ ಮುಗಿಯಿತು. ಪೂಹೋಲ್ಸ್‌ನದ್ದು ಇದಕ್ಕೆ ತದ್ವಿರುದ್ಧ: 24 ಕೋಟಿ ಡಾಲರು, ಹತ್ತು ವರ್ಷ, ಆಡಲಿ ಬಿಡಲಿ, ಕಾಲು ಮುರಿದುಕೊಂಡು ಕೂತರೂ ಪೂರ್ತಿ ಸಲ್ಲಬೇಕು. ಪತ್ರಿಕೆಗಳು ಕ್ರಿಕೆಟಿಗರಿಗೆ ‘ಕೇಂದ್ರ ಗುತ್ತಿಗೆ’ ಎಂದು ಬರೆಯುತ್ತವೆ, ಗೊತ್ತು. ಅಲ್ಲಿ ವರ್ಷಕ್ಕೊಮ್ಮೆ ಪಟ್ಟಿ ಬದಲಾಗುವುದರಿಂದ ಹೇಗೋ ನಡೆಯುತ್ತದೆ.

‘ಒಪ್ಪಂದ’ ಹಾಕಬಹುದು, ಆದರೆ ಅದು ನೀರಿನ ಹಾಗೆ, ಎಲ್ಲಕ್ಕೂ ಸಲ್ಲುತ್ತದೆ. ‘ಕರಾರು’ ನನಗೆ ಇಷ್ಟ. ಅದರಲ್ಲಿ ಬಿಗಿಯಿದೆ, ಕರಾರುವಾಕ್ಕು ಅನ್ನುವಾಗಿನ ಲೆಕ್ಕಾಚಾರವೂ ಇದೆ. ಆದರೆ ಕರಾರು ಅಂದಾಗ ಎರಡು ಕಡೆಗೂ ಷರತ್ತು ಇರುವ ಭಾವ ಬರುತ್ತದೆ. ಇಲ್ಲಿ ಷರತ್ತೆಲ್ಲ ದುಡ್ಡು ಕೊಡುವವನಿಗೇ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಆಮೇಲೆ ಹೊಳೆದದ್ದು ನಮ್ಮ ತೀರ್ಥಹಳ್ಳಿ ಕಡೆಯ ‘ಚೇಣಿ’. ಅಡಿಕೆ ಇನ್ನೂ ಮರದ ಮೇಲಿರುವಾಗಲೇ ಚೇಣಿದಾರ ಬಂದು ತೋಟ ಸುತ್ತಿ, ಗೊನೆ ನೋಡಿ, ಇಷ್ಟು ಎಂದು ಮಾತಾಡಿ ಫಸಲು ಹಿಡಿಯುತ್ತಾನೆ. (ತೂಕದ ಮೇಲೆ ಮಾಡುವ ಚೇಣಿಯೂ ಇದೆ, ನಾನು ಹೇಳುತ್ತಿರುವುದು ಇಡಿಗಂಟಿನದ್ದು.) ಆಮೇಲೆ ಕೊಳೆರೋಗ ಬಂದು ಕಾಯಿ ಉದುರಿದರೆ ಅದು ಅವನ ಹಣೆಬರಹ. ತೋಟದವನು ಗಂಟು ಎಣಿಸಿಕೊಂಡಾಗಿದೆ.

ಪೂಹೋಲ್ಸ್ ತೋಟ, ಏಂಜಲ್ಸ್ ಚೇಣಿದಾರ. ಅವರು ನೋಡಿದ ಗೊನೆ ಸಾಮಾನ್ಯದ್ದಲ್ಲ. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನಲ್ಲಿ 2001ರಿಂದ 2011ರವರೆಗೆ 445 ಹೋಮ್‌ರನ್ (ಚೆಂಡು ಬೇಲಿಯಾಚೆ ಹೋಗುವ ಹೊಡೆತ), ಬ್ಯಾಟಿಂಗ್ ಸರಾಸರಿ .328, ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ, ಎರಡು ವಿಶ್ವಸರಣಿ ಗೆಲುವು. ಆನಹೈಮ್‌ನಲ್ಲಿ ಬಿದ್ದ ಫಸಲು? 222 ಹೋಮ್‌ರನ್, ಸರಾಸರಿ .256. 2013ರಲ್ಲಿ ಅಂಗಾಲಿನ ನೋವು ಕೊಳೆರೋಗದ ಹಾಗೆ ಹತ್ತಿಕೊಂಡು 99 ಪಂದ್ಯಕ್ಕೇ ಕೂರಿಸಿತು. ಅಷ್ಟು ವರ್ಷದಲ್ಲಿ ತಂಡ ಪ್ಲೇಆಫ್ ಕಂಡದ್ದು 2014ರಲ್ಲಿ ಒಂದೇ ಸಲ, ಅಲ್ಲೂ ಕಾನ್ಸಸ್ ಸಿಟಿ ಎದುರು ಮೂರಕ್ಕೆ ಮೂರೂ ಸೋಲು.

ಚೇಣಿಯ ಹೋಲಿಕೆ ಮುಗ್ಗರಿಸುವ ಜಾಗವೂ ಇದೆ. ಚೇಣಿ ಒಂದು ಫಸಲಿನ ಮಾತು. 32ಕ್ಕೆ ಕಾಲಿಡುತ್ತಿರುವ ಮರವನ್ನು ಹತ್ತು ಫಸಲಿಗೆ, ಅದೂ ಹೋದ ವರ್ಷಗಳ ಗೊನೆ ನೋಡಿ, ಯಾವ ಚೇಣಿದಾರ ಹಿಡಿದಾನು? ದಕ್ಷಿಣ ಕನ್ನಡದ ಹಳೆಯ ‘ಮೂಲಗೇಣಿ’ (ಕಾಯಂ ಗೇಣಿ) ಹತ್ತಿರ ಬರುತ್ತದೆಯೇ? ಚಾಲಗೇಣಿಯ ಹಾಗೆ ಬೇಕೆಂದಾಗ ಬಿಡಿಸುವಂತಿರಲಿಲ್ಲ, ಮೊತ್ತವೂ ಬದಲಾಗುತ್ತಿರಲಿಲ್ಲ ಅನ್ನುವಷ್ಟರ ಮಟ್ಟಿಗೆ ಬರುತ್ತದೆ. ಆದರೆ ಅಲ್ಲಿ ಭದ್ರತೆ ಗೇಣಿ ಕೊಡುವ ಒಕ್ಕಲಿನದು, ಇಲ್ಲಿ ದುಡ್ಡು ತೆಗೆದುಕೊಳ್ಳುವವನದು. ತಿರುವು ಮುರುವು. ಧಾರವಾಡದ ಕಡೆ ಜಮೀನು ‘ಲಾವಣಿ’ಗೆ ಹಾಕುತ್ತಾರಲ್ಲ, ಅದರಲ್ಲಿ ಬೆಳೆ ಬಾರದಿದ್ದರೂ ದುಡ್ಡು ತೆರಲೇಬೇಕೇ? ಆ ಕಡೆಯವರು ಹೇಳಬೇಕು.

ಇನ್ನು ಎರಡನೇ ಪದ. ನಿಜ ಹೇಳಬೇಕೆಂದರೆ ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ. ಇಲ್ಲಿಯವರು ಹತ್ತು ವರ್ಷ ಕೇಳಿದ ಪ್ರಶ್ನೆ ಒಂದೇ: ಕೊಟ್ಟಿದ್ದಕ್ಕೆ ಬಂತಾ? ಅದಕ್ಕೆ ‘ಸಾರ್ಥಕವೇ’, ‘ಯೋಗ್ಯವೇ’ ಎಂದು ಬರೆದರೆ ವ್ಯಾಪಾರದ ವಾಸನೆಯೇ ಬರುವುದಿಲ್ಲ. ‘ಗಿಟ್ಟುತ್ತಾ?’ ಅಂದರೆ ಸಾಕು. ಹಾಲು ಹಾಕುವವನು, ಟೊಮೆಟೊ ಬೆಳೆದವನು, ಬಾಡಿಗೆ ಗಾಡಿಯವನು ಎಲ್ಲರೂ ಆಡುವ ಮಾತು. ತೆಲುಗಿನಲ್ಲಿ ಬೆಂಬಲ ಬೆಲೆಯ ಚರ್ಚೆಯಲ್ಲಿ ‘ಗಿಟ್ಟುಬಾಟು ಧರ’ ಎಂದು ರಾಜಾರೋಷವಾಗಿ ಬರೆಯುತ್ತಾರೆ. ನಾವು ಮಾತ್ರ ಬರಹಕ್ಕೆ ಕೂತ ಕೂಡಲೇ ‘ಲಾಭದಾಯಕ’ ಎಂದು ಕೋಟು ತೊಡುತ್ತೇವೆ.

ಇದೇ ಧಾತುವಿನ ಪ್ರೇರಣ ರೂಪವನ್ನು ಪತ್ರಿಕೆಗಳು ದಿನಾ ಬಳಸುತ್ತವೆ: ಕೆಲಸ ಗಿಟ್ಟಿಸಿಕೊಂಡ, ಟಿಕೆಟ್ ಗಿಟ್ಟಿಸಿಕೊಂಡ. ಹಾಗಾಗಿ “ಪೂಹೋಲ್ಸ್ ಗಿಟ್ಟಿಸಿಕೊಂಡ, ಏಂಜಲ್ಸ್‌ಗೆ ಗಿಟ್ಟಲಿಲ್ಲ” ಅಂದರೆ ಇಡೀ ಜಗಳ ಒಂದೇ ಕ್ರಿಯಾಪದದಲ್ಲಿ ಮುಗಿಯುತ್ತದೆ. ಆದರೆ ‘ಗಿಟ್ಟಿಸಿಕೊಂಡ’ದಲ್ಲಿ ಸ್ವಲ್ಪ ಕುತಂತ್ರದ ಛಾಯೆ ನನಗೆ ಕೇಳುತ್ತದೆ, ಯಾರದೋ ಶಿಫಾರಸು ಹಿಡಿದು ಪಡೆದ ಹಾಗೆ. ಪೂಹೋಲ್ಸ್ ಯಾರಿಗೂ ಮೋಸ ಮಾಡಲಿಲ್ಲ, ಕೊಡುತ್ತೇವೆ ಅಂದರು, ತೆಗೆದುಕೊಂಡ. ನಿಮಗೂ ಆ ಛಾಯೆ ಕೇಳಿಸುತ್ತದೆಯೇ, ಅಥವಾ ಇದು ನನ್ನ ಕಿವಿಯ ದೋಷವೇ?

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಪದ ‘ಬಾಳು’. ಬೆಲೆ ಬಾಳುವ ಒಡವೆ ಅನ್ನುತ್ತೇವೆ, “ಆ ಎತ್ತು ಅಷ್ಟು ಬಾಳಲ್ಲ” ಅನ್ನುತ್ತೇವೆ. ಏಂಜಲ್ಸ್ ಪರ ಮಾತಾಡುವವರ ವಾದ ಈ ಪದದಲ್ಲಿದೆ. 500ನೇ ಹೋಮ್‌ರನ್, 600ನೇ ಹೋಮ್‌ರನ್, 3000ನೇ ಹಿಟ್ (ಹೊಡೆದು ಬೇಸ್ ಮುಟ್ಟಿದ ಲೆಕ್ಕ) ಮೂರೂ ಅವನು ಏಂಜಲ್ಸ್‌ನ ಅಂಗಿಯಲ್ಲೇ ಹೊಡೆದದ್ದು. ಅಂಥ ಹೆಸರು ಬಾಳುತ್ತದೆ, ಗಿಟ್ಟದಿದ್ದರೂ. ನನ್ನ ಮಟ್ಟಿಗೆ ಗಿಟ್ಟಲಿಲ್ಲ ಅನ್ನುವುದೇ ಸರಿ. 2021ರ ಮೇ ತಿಂಗಳಲ್ಲಿ ಕೊನೆಯ ವರ್ಷದ 3 ಕೋಟಿ ಡಾಲರಿನ ಹೊಣೆ ಹೊತ್ತುಕೊಂಡೇ ಅವನನ್ನು ಮನೆಗೆ ಕಳಿಸಿದರು. ಮರುವರ್ಷ ಕಾರ್ಡಿನಲ್ಸ್ ಅವನನ್ನು 25 ಲಕ್ಷ ಡಾಲರಿಗೆ ಕರೆದುಕೊಂಡಿತು. 42ರ ವಯಸ್ಸಿನಲ್ಲಿ 24 ಹೋಮ್‌ರನ್ ಹೊಡೆದು, ವೃತ್ತಿಜೀವನದ ಲೆಕ್ಕದಲ್ಲಿ 700 ದಾಟಿ, 703ಕ್ಕೆ ನಿಲ್ಲಿಸಿದ. ಗಿಟ್ಟಿದ್ದು ಅಂದರೆ ಅದು.

ಚಿಕ್ಕ ಪ್ರಶ್ನೆಗಳು ಇನ್ನೆರಡಿವೆ. ಮೊದಲ ವರ್ಷ 1 ಕೋಟಿ 20 ಲಕ್ಷ, ಕೊನೆಯ ವರ್ಷ 3 ಕೋಟಿ. ಹೀಗೆ ಭಾರವನ್ನೆಲ್ಲ ಹಿಂದಕ್ಕೆ ತಳ್ಳಿದ ಸಂಬಳಕ್ಕೆ ಗಾಡಿಯವರ ‘ಹಿಂಭಾರ’ ಹಾಕಿದ್ದೇನೆ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಎತ್ತು ಎಳೆಯಲಾರದು. ಗಾಡಿಯನ್ನೇ ನೋಡದ ಮಕ್ಕಳಿಗೆ ಅರ್ಥವಾದೀತೇ?

ಸ್ಲಗರ್‌ಗೆ, ಅಂದರೆ ಬಿರುಸಾಗಿ ಹೊಡೆಯುವ ಆಟಗಾರನಿಗೆ, ‘ದಾಂಡಿಗ’ ಬೇಡವೆನ್ನಿಸಿದೆ, ಬ್ಯಾಟು ಹಿಡಿದವರೆಲ್ಲ ಈಗ ದಾಂಡಿಗರೇ. ‘ಬಡಿಗ’ ಅಂದರೆ ಬಡಗಿ ಎಂದು ಓದುತ್ತಾರೆ. ಸದ್ಯಕ್ಕೆ ‘ಚಚ್ಚುಗಾರ’ ಎಂದು ಬರೆದಿದ್ದೇನೆ, ಅಕ್ಕ ಇನ್ನೂ ನೋಡಿಲ್ಲ.