ಹೆವಿ ಲೈಸೆನ್ಸ್ ಬಂತು, ದೊಡ್ಡ ಕಂಪನಿ ಸೇರಲಾ? ಮನೆಮಂದಿ ಗುಂಪಿನ ಚರ್ಚೆ

ತಮ್ಮ, ಬೆಳಿಗ್ಗೆ 7:10
(ಫಾರ್ವರ್ಡ್ ಆಗಿದೆ)
*ಚಾಲಕರು ಬೇಕಾಗಿದ್ದಾರೆ.* ಹೆವಿ ಲೈಸೆನ್ಸ್ ಇರುವ ಹೊಸಬರಿಗೂ ಅವಕಾಶ. 32 ಅಡಿ ಕಂಟೇನರ್, ಲೈನ್ ಗಾಡಿ (ಊರಿಂದ ಊರಿಗೆ ದೂರದ ಓಟ). ಸಂಬಳ, ಕಿಲೋಮೀಟರ್ ಭತ್ಯೆ, ಮೈಲೇಜ್ ಬೋನಸ್. ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಉಂಟು. ಅಸಲಿ ಲೈಸೆನ್ಸ್, ಆಧಾರ್, 2 ಫೋಟೊ ಸಮೇತ ಬುಧವಾರ ಬೆಳಿಗ್ಗೆ ಹುಬ್ಬಳ್ಳಿ ಯಾರ್ಡಿಗೆ ಬರಬೇಕು.

ತಮ್ಮ, 7:11
ಹೋಗ್ಲಾ? ಎಲ್ಲರೂ ಹೇಳಿ.

ಚಿಕ್ಕಪ್ಪ, 7:26
ನಾನಂತೂ ಬೇಡ ಅಂತೀನಿ. ಅಲ್ಲಿ ಸೀಲ್ ಹಾಕಿದ ಡಬ್ಬ ಕೊಡ್ತಾರೆ, ಒಯ್ದು ಬಿಟ್ಟು ಬರ್ತೀಯ. ಒಳಗೆ ಭಾರ ಎಲ್ಲಿ ಕೂತೈತೆ ಅಂತ ಯಾವತ್ತೂ ನೋಡಲ್ಲ. ನಮ್ಮಂಥ ಸಣ್ಣ ಮಾಲೀಕರ ಓಪನ್ ಬಾಡಿ ಲಾರಿ ಒಂದು ವರ್ಷ ಓಡಿಸು, ಆಗ ಗೊತ್ತಾಗುತ್ತೆ: ಭಾರ ಹಿಂದಕ್ಕೆ ಬಿದ್ರೆ ಸ್ಟೇರಿಂಗ್ ಹಗುರಾಗಿ ತೇಲುತ್ತೆ, ಮುಂದಕ್ಕೆ ಒತ್ತಿದ್ರೆ ಒಟ್ಟು ತೂಕ ಸರಿ ಇದ್ರೂ ಮುಂದಿನ ಆಕ್ಸಲ್ (ಮುಂಚಕ್ರಗಳ ಅಚ್ಚು) ಮೇಲಿನ ಭಾರ 7 ಟನ್ ಮಿತಿ ದಾಟುತ್ತೆ. ಹಗ್ಗ ಎಷ್ಟು ಬಿಗಿದ್ರೂ ಮೊದಲ 30-40 ಕಿ.ಮೀ.ಗೆ ಮಾಲು ಕೂತು ಸಡಿಲ ಆಗುತ್ತೆ, ನಿಲ್ಲಿಸಿ ಮತ್ತೆ ಬಿಗೀಬೇಕು. ಇದನ್ನೆಲ್ಲ ಕಂಪನಿ ಕಲಿಸಲ್ಲ.

ಹುಬ್ಬಳ್ಳಿ ಮಾವ, 7:41
ಹಗ್ಗ ಬಿಗಿಯೋದು ಆಮ್ಯಾಲೆ ಕಲೀಬಹುದು. ಮೊದಲ ವರ್ಷ ಜೀವ ಉಳಿಸ್ಕೊಳ್ಳೋದು ಕಲೀಲಿ. ಸಣ್ಣ ಮಾಲೀಕರ ಗಾಡಿಗೆ ಕ್ಲೀನರ್ ಇಡೋದ ನಿಂತೈತಿ. ಹೊಸಾ ಹುಡುಗನ್ನ ಮೂರನೇ ದಿನಕ್ಕ ಒಬ್ಬನ್ನ ಕಳಸ್ತಾರ. ಚಲೋ ಕಂಪನ್ಯಾಗ ಮೊದಲ ಯಾರ್ಡ್ ಟೆಸ್ಟ್, ಆಮ್ಯಾಲೆ ಸೀನಿಯರ್ ಬಾಜೂಕ ಕುಂತು ಲೈನ್ ಅಭ್ಯಾಸ, ಆಮ್ಯಾಲೆ ಗಾಡಿ.

ಹುಬ್ಬಳ್ಳಿ ಮಾವ, 7:44
ಇನ್ನೊಂದ್ ಮಾತು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ 1961ರದ್ದು ಇತ್ತು, 2025ರ ನವೆಂಬರ್‌ನ್ಯಾಗ ಅದರ ಜಾಗಕ್ಕ ಹೊಸ ಕಾರ್ಮಿಕ ಸಂಹಿತೆ ಬಂತು. ಆ ಹಳೇ ಕಾಯ್ದೇದಾಗ ದಿನಕ್ಕ 8 ತಾಸು, ವಾರಕ್ಕ 48 ತಾಸು ಇತ್ತು. ದೂರದ ಲೈನ್ ಇದ್ರ ಅಧಿಕಾರಿ ಒಪ್ಪಿಗಿ ತಗೊಂಡು 10 ತಾಸು, ವಾರಕ್ಕ 54 ತಾಸು, ಅದಕ್ಕಿಂತ ಮ್ಯಾಲೆ ಇರಲಿಲ್ಲ. 5 ತಾಸಿಗಿಂತ ಹೆಚ್ಚು ಬಿಡದ ದುಡಿಸೂ ಹಂಗಿರಲಿಲ್ಲ, ನಡಕ ಅರ್ಧ ತಾಸು ಬಿಡುವು ಕೊಡಬೇಕಿತ್ತು. ಆದ್ರ ಆ ಕಾಯ್ದೆ 5 ಮಂದಿ ಕಾರ್ಮಿಕರು ಇದ್ದಲ್ಲಿಂದ ಅನ್ವಯ ಆಗ್ತಿತ್ತು. ಎರಡು ಲಾರಿ ಇದ್ದವರ ಕಡೆ ಆ ಕಾಗದಾನೂ ಇರಲಿಲ್ಲ.

ಚಿಕ್ಕಪ್ಪ, 7:52
ಕಾಯ್ದೆ ಇದ್ದ ಮಾತ್ರಕ್ಕೆ ಪಾಲಿಸ್ತಾರಾ ಮಾವ? ರಾತ್ರಿ ಹಬ್ (ಮಾಲು ಇಳಿಸಿ ಹಂಚೋ ಡಿಪೊ) ತಲುಪೋ ಟೈಮ್ ಕೊಟ್ಟು, ಜಿಪಿಎಸ್ ಇಟ್ಟು, 20 ನಿಮಿಷ ನಿಂತ್ರೆ ಫೋನ್ ಮಾಡಿ "ಯಾಕೆ ನಿಂತಿದ್ದೀಯ" ಅಂತ ಕೇಳೋ ಕಂಪನಿಗಳೂ ಇದಾವೆ. ನಿದ್ದೆ ಬಂದಾಗ ಗಾಡಿ ಸೈಡಿಗೆ ಹಾಕೋ ಸ್ವಾತಂತ್ರ್ಯ ಸಣ್ಣ ಮಾಲೀಕನ ಹತ್ರ ಜಾಸ್ತಿ.

ಹುಬ್ಬಳ್ಳಿ ಮಾವ, 7:58
ಅದು ಖರೆ. ಅದಕ್ಕ ಬುಧವಾರ ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ. "ಒಂದು ಗಾಡಿಗೆ ಒಬ್ಬರಾ, ಇಬ್ಬರಾ? ರಾತ್ರಿ 2ರಿಂದ 5ರ ನಡುವೆ ನಿದ್ದೆಗೆ ನಿಂತ್ರ ಲೇಟ್ ದಂಡ ಹಾಕ್ತೀರಾ?" ಅಂತ ಕೇಳ. ದಂಡ ಹಾಕ್ತೀವಿ ಅಂದ್ರ ವಾಪಸ್ ಬಾ.

ದೊಡ್ಡಮ್ಮ, 8:05
ಮನೆಗೆ ಎಷ್ಟು ದಿನಕ್ಕೊಮ್ಮೆ ಬರ್ತಾನೆ? ಅದನ್ನ ಯಾರೂ ಹೇಳ್ತಿಲ್ಲ.

ಅತ್ತಿಗೆ, 8:12
ಅದು ಲೈನ್ ಮೇಲೆ ಹೋಗುತ್ತೆ ದೊಡ್ಡಮ್ಮ. ಹುಬ್ಬಳ್ಳಿ–ಬೆಂಗಳೂರು 410 ಕಿ.ಮೀ. ಹತ್ತಿರ. ಒಂದು ರಾತ್ರಿ ಹೋಗಿ, ಹಗಲು ಮಲಗಿ, ಮಾರನೇ ರಾತ್ರಿ ವಾಪಸ್. ಈ ತರ ಗೊತ್ತಾದ ಲೈನ್ ಇದ್ರೆ ಎರಡು ದಿನಕ್ಕೊಮ್ಮೆ ಊರಲ್ಲಿರ್ತಾನೆ. "ಆಲ್ ಇಂಡಿಯಾ" ಅಂದ್ರೆ 20-25 ದಿನ ಮರೆತುಬಿಡಿ. ಡ್ರೈವರ್ 4-5 ಗಂಟೆ ಓಡಿಸಿ ಗಾಡಿ ಮುಂದಿನವನಿಗೆ ಕೊಟ್ಟು, ಎದುರಿಂದ ಬಂದ ಗಾಡೀಲಿ ಊರಿಗೆ ಮರಳೋ ರಿಲೇ ಪದ್ಧತಿಯನ್ನ ರಿವಿಗೊ ಅನ್ನೋ ಕಂಪನಿ 2014ರಲ್ಲಿ ಶುರುವಾದಾಗಿಂದ ದೊಡ್ಡದಾಗಿ ಮಾಡಿ ತೋರಿಸ್ತು. ಆ ತರ ಇದೆಯಾ ಅಂತ ಕೇಳೋದ್ರಲ್ಲಿ ತಪ್ಪಿಲ್ಲ.

ಚಿಕ್ಕಪ್ಪ, 8:20
ಸರಿ. ಆದ್ರೂ ಮೈಲೇಜ್ ಬೋನಸ್ ಅಂತ ಬರೆದಿರೋದು ಒಳ್ಳೇದೇ. ಇಳಿಜಾರಲ್ಲಿ ನ್ಯೂಟ್ರಲ್ ಬಿಟ್ರೆ ಟ್ರಿಪ್ಪಿಗೆ 8-10 ಲೀಟರ್ ಉಳಿಯುತ್ತೆ, ಕೈಗೆ ದುಡ್ಡು. ಎಲ್ಲ ಡ್ರೈವರ್‌ಗಳೂ ಮಾಡ್ತಾರೆ.

ತುಮಕೂರು ಭಾವ, 8:23
ಚಿಕ್ಕಪ್ಪ, ದಯವಿಟ್ಟು ಈ ಮಾತನ್ನ ಅವನ ತಲೆಗೆ ಹಾಕ್ಬೇಡಿ. ನ್ಯೂಟ್ರಲ್‌ನಲ್ಲಿ ಡೀಸೆಲ್ ಉಳಿಯಲ್ಲ. ಗೇರ್‌ನಲ್ಲಿ ಇಳೀತಾ ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೆ ಚಕ್ರವೇ ಎಂಜಿನ್ ತಿರುಗಿಸುತ್ತೆ, ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್) ಇಂಜೆಕ್ಟರ್‌ಗೆ ಡೀಸೆಲ್ ಪೂರ್ತಿ ನಿಲ್ಲಿಸುತ್ತೆ. ಸೊನ್ನೆ. ನ್ಯೂಟ್ರಲ್‌ಗೆ ಹಾಕಿದ ಕೂಡಲೇ ಎಂಜಿನ್ ಆಫ್ ಆಗದಿರ್ಲಿ ಅಂತ ಐಡ್ಲಿಂಗ್‌ಗೆ ಡೀಸೆಲ್ ಕೊಡೋಕೆ ಶುರು ಮಾಡುತ್ತೆ. ಅಂದ್ರೆ ನ್ಯೂಟ್ರಲ್‌ನಲ್ಲೇ ಖರ್ಚು. ಹಳೇ ಪಂಪಿನ ಗಾಡಿಗಳಲ್ಲೂ ಗವರ್ನರ್ (ಡೀಸೆಲ್ ಅಳೆದು ಬಿಡೋ ಭಾಗ) ಇದೇ ಕೆಲಸ ಮಾಡ್ತಿತ್ತು.

ಚಿಕ್ಕಪ್ಪ, 8:27
ಎಂಜಿನ್ನೇ ಆಫ್ ಮಾಡಿ ಬಿಡೋರಿಗೆ?

ತುಮಕೂರು ಭಾವ, 8:34
ಅದು ಸಾಯೋ ದಾರಿ. ಎಂಜಿನ್ ನಿಂತ್ರೆ ಪವರ್ ಸ್ಟೇರಿಂಗ್ ಪಂಪ್ ನಿಲ್ಲುತ್ತೆ, ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಗುತ್ತೆ. ಏರ್ ಕಂಪ್ರೆಸರ್ ನಿಲ್ಲುತ್ತೆ, ಪ್ರತಿ ಸಲ ಬ್ರೇಕ್ ಒತ್ತಿದಾಗ ಟ್ಯಾಂಕಿನ ಗಾಳಿ ಇಳೀತಾನೇ ಹೋಗುತ್ತೆ, ತುಂಬೋರಿಲ್ಲ. ಎಕ್ಸಾಸ್ಟ್ ಬ್ರೇಕ್ (ಹೊಗೆ ದಾರಿ ತಡೆದು ಎಂಜಿನ್ನಿಂದಲೇ ವೇಗ ತಗ್ಗಿಸೋದು) ಕೆಲಸ ಮಾಡೋದೂ ಎಂಜಿನ್ ತಿರುಗ್ತಿದ್ದು ಗೇರ್ ಬಿದ್ದಿದ್ರೆ ಮಾತ್ರ. ಉಳಿದಿದ್ದು ಡ್ರಮ್ ಬ್ರೇಕ್ ಒಂದೇ. ಡ್ರಮ್ ಕಾದು ಹಿಗ್ಗುತ್ತೆ, ಲೈನರ್ (ಡ್ರಮ್ಮಿಗೆ ಒತ್ತಿ ಉಜ್ಜೋ ಪಟ್ಟಿ) ಸುಟ್ಟು ನುಣುಪಾಗುತ್ತೆ. ಕಾಲು ಪೂರ್ತಿ ಒತ್ತಿದ್ರೂ ಹಿಡಿಯಲ್ಲ. "ಬ್ರೇಕ್ ಫೇಲ್" ಅಂತ ಪೇಪರಲ್ಲಿ ಬರೋದ್ರಲ್ಲಿ ಎಷ್ಟೋ ಸಲ ಬ್ರೇಕಿನ ಭಾಗ ಮುರಿದಿರಲ್ಲ, ಕಾಸಿ ಕೊಂದಿರ್ತಾರೆ.

ಹುಬ್ಬಳ್ಳಿ ಮಾವ, 8:40
ಹುಬ್ಬಳ್ಳಿಯಿಂದ ಮುಂಬೈ ಲೈನ್ ಹೋಗಾಂವ ಪುಣೆ ಹತ್ರ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಗೆ ಇಳೀಲೇಬೇಕು. ನೋಡಾಕ ಘಾಟ್ ಅನಸೂದಿಲ್ಲ, ಅಗಲ ರಸ್ತೆ, ಉದ್ದಕ ಇಳಿಜಾರು. 2022ರ ನವೆಂಬರ್ 20ರ ರಾತ್ರಿ ಅಲ್ಲೇ ಒಂದು ಟ್ರಕ್ ಹತ್ತಾರು ಗಾಡಿ ಬಡಕೊಂಡು ಹೋತು. ಬೆಂಗಳೂರಿಂದ ಸೇಲಂ ಕಡೆ ಹೋಗೋರಿಗೆ ಧರ್ಮಪುರಿ ಆಚೆ ತೊಪ್ಪೂರು ಇಳಿಜಾರೂ ಹಿಂಗ. ಎರಡೂ ಕಡೆ ನ್ಯೂಟ್ರಲ್ ಹಾಕಬ್ಯಾಡ್ರಿ ಅಂತ ಪೊಲೀಸರು ಎಷ್ಟು ಹೇಳಿದ್ರೂ ಕೇಳವಲ್ಲರು.

ತಮ್ಮ, 8:43
ಹಂಗಾದ್ರೆ ಇಳಿಯೋದು ಹೇಗೆ? ಡ್ರೈವಿಂಗ್ ಸ್ಕೂಲಲ್ಲಿ ಇದನ್ನ ಹೇಳೇ ಇಲ್ಲ.

ಹುಬ್ಬಳ್ಳಿ ಮಾವ, 8:55
ಹತ್ತುವಾಗ ಯಾವ ಗೇರ್ ಬೇಕೋ ಇಳಿವಾಗ ಅದೇ ಗೇರ್, ಲೋಡ್ ಪೂರ್ತಿ ಇದ್ರ ಒಂದು ಕಡಿಮಿ. ಗೇರ್ ಇಳಿಜಾರು ಶುರು ಆಗೋಕ್ಕಿಂತ ಮೊದಲ ಹಾಕಬೇಕು. ನಡುವ ಹಾಕಾಕ ಹೋದ್ರ ವೇಗ ಏರಿರ್ತೈತಿ, ಗೇರ್ ಕೂಡೂದಿಲ್ಲ, ನ್ಯೂಟ್ರಲ್‌ನ್ಯಾಗ ಸಿಕ್ಕೊಂಡು ಬಿಡ್ತೀ. ಎಕ್ಸಾಸ್ಟ್ ಬ್ರೇಕ್ ಆನ್. ಆರ್‌ಪಿಎಂ ಮುಳ್ಳು ಮ್ಯಾಲಿದ್ದಷ್ಟು ಅದು ಚಲೋ ಹಿಡೀತೈತಿ, ಆದ್ರ ಕೆಂಪು ಗೆರಿ ಮುಟ್ಟಬಾರ್ದು. ಕಾಲ್ಬ್ರೇಕ್ ಹಗುರಕ ಒತ್ತಿ ಹಿಡಕೊಂಡ ಇಳೀಬ್ಯಾಡ, ಡ್ರಮ್ ಕಾಯೋದು ಅದರಿಂದಾನ. 30ರಾಗ ಇಳೀಬೇಕು ಅಂದ್ರ, 30 ಮುಟ್ಟಿದ ಕೂಡ್ಲೆ ಗಟ್ಟಿ ಒತ್ತಿ 20ಕ್ಕ ತಾ, ಪೂರ್ತಿ ಬಿಡು. ಮತ್ತ 30 ಆಗ್ಲಿ, ಮತ್ತ ಒತ್ತು. ಬಿಟ್ಟಾಗ ಡ್ರಮ್ಮಿಗೆ ಗಾಳಿ ಸಿಗ್ತೈತಿ.

ತುಮಕೂರು ಭಾವ, 8:58
ಒಂದು ಎಚ್ಚರ ಸೇರಿಸ್ತೀನಿ. ಖಾಲಿ ಗಾಡಿ, ಒದ್ದೆ ರಸ್ತೆ ಇದ್ದಾಗ ಎಕ್ಸಾಸ್ಟ್ ಬ್ರೇಕ್ ಹಿಂದಿನ ಚಕ್ರ ಜಾರಿಸಬಹುದು. ಮಳೇಲಿ ಖಾಲಿ ಇಳಿಯುವಾಗ ಆಫ್ ಮಾಡಿ, ಕಡಿಮೆ ಗೇರ್ ನಂಬು.

ಚಿಕ್ಕಪ್ಪ, 9:06
ನ್ಯೂಟ್ರಲ್ ಮಾತು ವಾಪಸ್ ತಗೊಂಡೆ. ಭಾವ ಹೇಳಿದ್ದು ಸರಿ. ಆದ್ರೆ ಯೋಚನೆ ಮಾಡಿ, ಆ ಆಸೆ ಹುಟ್ಟಿಸೋದೇ ಮೈಲೇಜ್ ಬೋನಸ್ ಅಲ್ವಾ? ಲೀಟರಿಗೆ 4 ಕಿ.ಮೀ. ಕೊಡಬೇಕು, ಕಡಿಮೆ ಬಿದ್ರೆ ಸಂಬಳದಲ್ಲಿ ಹಿಡಿತ ಅಂದ್ರೆ ಹೊಸ ಹುಡುಗ ಏನ್ ಮಾಡ್ತಾನೆ? ಕಂಪನಿ ದೊಡ್ಡದು ಅಂತ ಕಣ್ಣು ಮುಚ್ಚಿ ಹೋಗೋದು ಬೇಡ ಅನ್ನೋದೇ ನನ್ನ ವಾದ.

ಹುಬ್ಬಳ್ಳಿ ಮಾವ, 9:10
ಇದನ್ನ ಒಪ್ತೇನಿ. ಬೋನಸ್ ಇರಲಿ, ಹಿಡಿತ ಇರಬಾರ್ದು.

ಅತ್ತಿಗೆ, 9:24
ಕಾಗದದ ವಿಷಯ ನಾನು ಹೇಳ್ತೀನಿ, ಇದರಲ್ಲೇ ಹೊಸಬರು ಜಾಸ್ತಿ ಕಳ್ಕೊಳ್ಳೋದು.
ಅಸಲಿ ಲೈಸೆನ್ಸ್ ತೋರಿಸು, ಕೊಡ್ಬೇಡ. "ಕೆಲಸ ಬಿಡೋವರೆಗೂ ನಮ್ಮತ್ರ ಇರುತ್ತೆ" ಅನ್ನೋ ಕಡೆ ಸೇರ್ಬೇಡ. ಡಿಜಿಲಾಕರ್‌ನಲ್ಲಿ ಹಾಕಿಟ್ಕೊ. ಖಾಲಿ ಚೆಕ್, ಖಾಲಿ ಸ್ಟಾಂಪ್ ಪೇಪರ್‌ಗೆ ಸಹಿ ಖಂಡಿತ ಬೇಡ.
ನೇಮಕ ಪತ್ರದಲ್ಲಿ ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಅಂತ ಬೇರೆ ಬೇರೆ ಇರ್ಬೇಕು. ಇಎಸ್‌ಐ ವೇತನ ಮಿತಿ ತಿಂಗಳಿಗೆ 21,000. ಅದರೊಳಗಿದ್ರೆ ನಿನ್ನ ಪಾಲು 0.75%, ಕಂಪನಿ ಪಾಲು 3.25%. ನಿನ್ನನ್ನೇ ನಂಬಿರೋ ಅಪ್ಪ ಅಮ್ಮನಿಗೂ ಚಿಕಿತ್ಸೆ ಸಿಗುತ್ತೆ. ಒಂದೆರಡು ಲಾರಿ ಇರೋರ ಹತ್ರ ಇದು ಸಿಗಲ್ಲ, ಚಿಕ್ಕಪ್ಪ ಬೇಜಾರಾಗ್ಬೇಡಿ.

ಅತ್ತಿಗೆ, 9:31
ಗಾಡಿ ಹೊರಡೋ ಮುಂಚೆ: ಎಲ್‌ಆರ್‌ನಲ್ಲಿರೋ (ಮಾಲಿನ ಲಾರಿ ರಸೀದಿ) ಸೀಲ್ ನಂಬರ್ ಬಾಗಿಲಿನ ಸೀಲ್‌ಗೆ ಹೊಂದುತ್ತಾ ನೋಡು, ಗಾಡಿ ನಂಬರ್ ಕಾಣೋ ಹಾಗೆ ಫೋಟೊ ತೆಗಿ. ಇ-ವೇ ಬಿಲ್‌ನಲ್ಲಿ (ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಪತ್ರ) ನಿನ್ನ ಗಾಡಿ ನಂಬರ್ರೇ ಇದೆಯಾ ನೋಡು. ಅದರ ಅವಧಿ 200 ಕಿ.ಮೀ.ಗೆ 1 ದಿನ. ದಾರೀಲಿ ಕೆಟ್ಟು ನಿಂತ್ರೆ ಆಫೀಸಿಗೆ ಆಗ್ಲೇ ತಿಳಿಸು, ಅವಧಿ ಮುಗಿಯೋ 8 ಗಂಟೆ ಹಿಂದೆ ಮುಂದೆ ಮಾತ್ರ ವಿಸ್ತರಣೆ ಆಗುತ್ತೆ. ಮಾಲು ಬೇರೆ ಗಾಡಿಗೆ ಬದಲಾಯಿಸಿದ್ರೆ ಹೊಸ ನಂಬರ್ ಹಾಕಿಸದೆ ಹೊರಡಬಾರ್ದು. ತೆರಿಗೆಯವರು ಹಿಡಿದ್ರೆ ತೆರಿಗೆಯ ಎರಡರಷ್ಟು ದಂಡ. ದಂಡ ನಿನ್ನದಲ್ಲ, ಆದ್ರೆ ಗಾಡಿ ಜೊತೆ ಹಿಡಿದಿಟ್ಟ ಕಡೆ ಮೂರು ದಿನ ಮಲಗೋನು ನೀನು.
ಇಳಿಸಿದ ಮೇಲೆ ಎಲ್‌ಆರ್ ಪ್ರತಿ ಮೇಲೆ ಸಹಿ, ಮೊಹರು, ತಾರೀಖು, ಸಮಯ. ಪೆಟ್ಟಿಗೆ ಕಡಿಮೆ ಬಂದ್ರೆ, ಒದ್ದೆಯಾಗಿದ್ರೆ ಅಲ್ಲೇ ಬರೆಸ್ಕೊ. ಆಮೇಲೆ ಹೇಳಿದ್ರೆ ನಿನ್ನ ತಲೆಗೇ ಬರುತ್ತೆ.

ಚಿಕ್ಕಪ್ಪ, 9:38
ತೂಕದ ಚೀಟಿ ಮರೆತೆಯಲ್ಲಮ್ಮ. 2018ರಲ್ಲಿ ಮಿತಿ ಏರಿಸಿದ ಮೇಲೆ 6 ಚಕ್ರದ್ದು ಒಟ್ಟು 18.5 ಟನ್, 10 ಚಕ್ರದ್ದು 28.5 ಟನ್. ಮೀರಿದ್ರೆ ಕಾಯ್ದೆ ಪ್ರಕಾರ 20,000, ಮೇಲೆ ಟನ್ನಿಗೆ 2,000. ಆರ್‌ಸಿಲಿ ಬರೆದಿರೋ ತೂಕ ನೋಡ್ಕೊಂಡೇ ಹೊರಡು.

ಹುಬ್ಬಳ್ಳಿ ಮಾವ, 9:41
ಮತ್ತ ಲೋಡ್ ಮ್ಯಾಲೆ ಮಂದಿ ಕುಂದ್ರಸೂದು. 2025ರ ಜನವರಿ 22ರ ನಸುಕಿನ್ಯಾಗ ಸವಣೂರಿಂದ ಕುಮಟಾ ಸಂತಿಗೆ ಹೊಂಟಿದ್ದ ತರಕಾರಿ ಲಾರಿ ಯಲ್ಲಾಪುರದ ಗುಳ್ಳಾಪುರ ಹತ್ರ ಕಂದಕಕ್ಕ ಬಿದ್ದು 10 ಮಂದಿ ಹೋದ್ರು. ಎಲ್ಲಾ ಬಡ ವ್ಯಾಪಾರಿಗಳು. ಕಂಟೇನರ್‌ನ್ಯಾಗ ಆ ಒತ್ತಾಯ ಬರೂದ ಇಲ್ಲ. ಓಪನ್ ಬಾಡಿ ಲಾರಿ ಡ್ರೈವರ್‌ಗೆ ಪರಿಚಯದವರು "ಹತ್ಕೋತೀವಿ" ಅಂದ್ರ ಇಲ್ಲ ಅನ್ನಾಕ ಆಗೂದಿಲ್ಲ.

ಚಿಕ್ಕಪ್ಪ, 9:44
ಅದಕ್ಕೆ ಎದುರು ಮಾತಿಲ್ಲ.

ತುಮಕೂರು ಭಾವ, 10:02
ಬುಧವಾರ ಟೆಸ್ಟಿಗೆ ಗಾಡಿ ಕೊಟ್ಟಾಗ ನೇರ ಕ್ಯಾಬಿನ್ ಹತ್ಬೇಡ. ಒಂದು ಸುತ್ತು ಹಾಕು. ನೋಡೋರು ಮೊದಲು ಗಮನಿಸೋದು ಇದನ್ನೇ.
ಟೈರಿಗೆ ರಾಡ್‌ನಿಂದ ಬಡಿ. ಗಾಳಿ ಇದ್ರೆ ರಾಡ್ ಪುಟಿಯುತ್ತೆ, ಇಲ್ಲದ್ದು ಮೆತ್ತಗೆ ಸದ್ದು ಮಾಡುತ್ತೆ. ಜೋಡಿ ಟೈರಲ್ಲಿ ಒಳಗಿನದು ಇಳಿದಿದ್ರೆ ಹೊರಗಿನಿಂದ ಕಾಣಲ್ಲ, ಹೊರಗಿನದು ಭಾರವೆಲ್ಲ ಹೊತ್ತು ಕಾದು ಸಿಡಿಯುತ್ತೆ. ಜೋಡಿ ನಡುವೆ ಕಲ್ಲು ಸಿಕ್ಕಿದ್ರೆ ತೆಗಿ. ವೀಲ್ ನಟ್ ಸುತ್ತ ತುಕ್ಕಿನ ಗೆರೆ ಹರಿದಿದ್ರೆ ನಟ್ ಸಡಿಲ ಅಂತ ಅರ್ಥ. ಚಕ್ರ ಬದಲಿಸಿದ ಗಾಡಿ 50-100 ಕಿ.ಮೀ. ಓಡಿದ ಮೇಲೆ ನಟ್ ಮತ್ತೆ ಬಿಗೀಬೇಕು.
ಗಾಳಿ ಪೂರ್ತಿ ತುಂಬಿಸಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಟ್ಟು, ಎಂಜಿನ್ ಆಫ್ ಮಾಡಿ, ಬ್ರೇಕ್ ಪೂರ್ತಿ ಒತ್ತಿ 1 ನಿಮಿಷ ಹಿಡಿ. ಮೊದಲ ಒತ್ತಿಗೆ ಇಳಿದಿದ್ದು ಬಿಟ್ಟು, ಆಮೇಲೆ ಗಾಳಿ ಒತ್ತಡದ ಮುಳ್ಳು 0.25 ಬಾರ್‌ಗಿಂತ ಹೆಚ್ಚು ಇಳಿದ್ರೆ ಎಲ್ಲೋ ಸೋರ್ತಿದೆ. ಏರ್ ಟ್ಯಾಂಕಿನ ನೀರು ದಿನಾ ಬಿಡು. ನೀರಿನ ಜೊತೆ ಎಣ್ಣೆ ಬಂದ್ರೆ ಕಂಪ್ರೆಸರ್ ಸವೆದಿದೆ, ಬರೆದು ಕೊಡು.

ತುಮಕೂರು ಭಾವ, 10:09
ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ ಅಂದ್ರೆ ನೀಲಿ ಮುಚ್ಚಳದ ಟ್ಯಾಂಕ್ ಬೇರೆ ಇರುತ್ತೆ, ಡಿಇಎಫ್ ಅನ್ನೋ ಹೊಗೆ ಶುದ್ಧ ಮಾಡೋ ದ್ರವಕ್ಕೆ. 32.5% ಯೂರಿಯಾ, ಉಳಿದಿದ್ದು ಶುದ್ಧ ನೀರು. 400 ಲೀಟರ್ ಡೀಸೆಲ್‌ಗೆ ಸುಮಾರು 20 ಲೀಟರ್ ಬೇಕು. ಖಾಲಿಯಾದ್ರೆ ಎಂಜಿನ್ ಶಕ್ತಿ ತಾನೇ ಇಳಿಸುತ್ತೆ, ಘಾಟ್ ಮಧ್ಯೆ ಲೋಡ್ ಗಾಡಿ ತೆವಳುತ್ತೆ. ರಸ್ತೆ ಬದಿ ಸಡಿಲ ಕ್ಯಾನ್ ತಗೋಬೇಡ, ನಲ್ಲಿ ನೀರು ಬೆರೆಸ್ಬೇಡ. ಇಂಜೆಕ್ಟರ್‌ನಲ್ಲಿ ಹರಳು ಕಟ್ಟುತ್ತೆ.

ಹುಬ್ಬಳ್ಳಿ ಮಾವ, 10:15
ಹೊಸಬರ ಮೊದಲ ಪೆಟ್ಟು ಹೈವೇದಾಗ ಆಗೂದಿಲ್ಲ, ಯಾರ್ಡ್‌ನ್ಯಾಗ ಆಗ್ತೈತಿ. 32 ಅಡಿ ಬಾಡಿ ಹಿಂದಿನ ಚಕ್ರದಿಂದ ಆಚೆ ಬಾಳ ಚಾಚಿರ್ತೈತಿ. ಬಲಕ್ಕ ತಿರುಗಿಸಿದ್ರ ಬಾಲ ಎಡಕ್ಕ ಹೊಡೀತೈತಿ, ಬಾಜೂಕಿನ ಗಾಡಿ ಕನ್ನಡಿ ಹೋಗ್ತೈತಿ. ರಿವರ್ಸ್ ಹಾಕೋ ಮೊದಲ ಇಳಿದು ಹಿಂದ ಹೋಗಿ ನೋಡು. ಮ್ಯಾಲೂ ನೋಡು, ವೈರ್, ಶೆಡ್ ತಗಡು. ಹಿಂದ ನಿಂತು ಕೈ ಮಾಡಿ ದಾರಿ ತೋರಸಾಂವ ಕನ್ನಡ್ಯಾಗಿಂದ ಮಾಯ ಆದ್ರ ಆ ಕ್ಷಣ ನಿಲ್ಲಸು.

ದೊಡ್ಡಮ್ಮ, 10:22
ಯಾರಿಗಾದ್ರೂ ತಾಗಿದ್ರೆ ಏನ್ ಮಾಡ್ಬೇಕು ಅಂತಾನೂ ಹೇಳಿ. ಜನ ಹೊಡೀತಾರೆ ಅಂತ ಓಡಿ ಹೋಗೋದನ್ನ ಕೇಳಿದೀನಿ.

ಅತ್ತಿಗೆ, 10:30
ಗಾಯಾಳುವನ್ನ ಆಸ್ಪತ್ರೆಗೆ ಸೇರಿಸೋದು ಡ್ರೈವರ್ ಕರ್ತವ್ಯ ಅಂತ ಮೋಟಾರು ವಾಹನ ಕಾಯ್ದೆ ಸೆಕ್ಷನ್ 134 ಹೇಳುತ್ತೆ. ಜನರ ಆಕ್ರೋಶದಿಂದ ಆಗದೇ ಇದ್ರೆ ಅದಕ್ಕೆ ವಿನಾಯ್ತಿಯೂ ಅಲ್ಲೇ ಇದೆ. ಹಾಗಾದ್ರೆ 112ಕ್ಕೆ ಕರೆ ಮಾಡಿ ಹತ್ತಿರದ ಠಾಣೆಗೆ ನೇರ ಹೋಗ್ಬೇಕು, ಎಷ್ಟೇ ತಡ ಆದ್ರೂ 24 ಗಂಟೆಯೊಳಗೆ ತಿಳಿಸ್ಲೇಬೇಕು. ಆಮೇಲೆ ಕಂಪನಿ ಕಂಟ್ರೋಲ್ ರೂಮಿಗೆ. ವಕೀಲರು, ಜಾಮೀನು ಯಾರು ನೋಡ್ಕೋತಾರೆ ಅಂತ ಸೇರೋ ದಿನವೇ ಕೇಳಿ ಬರೆಸ್ಕೊ.

ತಮ್ಮ, 11:05
ಅಲ್ಲಿಗೆ ಫೋನ್ ಮಾಡಿದ್ದೆ. ಒಂದು ತಿಂಗಳು ಸೀನಿಯರ್ ಜೊತೆ, ಅರ್ಧ ಸಂಬಳ. ಆಮೇಲೆ ಮಂಗಳೂರು ಲೈನ್ ಖಾಲಿ ಇದೆ ಅಂದ್ರು. ಮೈಲೇಜ್ ಹಿಡಿತ ಮೊದಲ 3 ತಿಂಗಳು ಇಲ್ಲವಂತೆ.

ಹುಬ್ಬಳ್ಳಿ ಮಾವ, 11:09
ಮಂಗಳೂರು ಅಂದ್ರ ಅರಬೈಲ್ ಘಾಟ್ ಇಳಿದು ಅಂಕೋಲಾ ಮ್ಯಾಲಿಂದ. ಮಳಿಗಾಲದಾಗ ಹೊಸಬನಿಗೆ ಅದು ಬ್ಯಾಡ. ಬೆಂಗಳೂರು ಲೈನ್ ಕೇಳ. ಆರು ತಿಂಗಳು ಅದನ್ನ ಓಡಸು, ಆಮ್ಯಾಲೆ ಘಾಟ್. ಮಂಗಳೂರೇ ಅಂದ್ರ ತರಬೇತಿ ತಿಂಗಳಿನ್ಯಾಗ ಆ ಘಾಟ್ ಸೀನಿಯರ್ ಜೋಡಿ ಲೋಡ್ ಸಮೇತ ಹತ್ತು ಸಲ ಇಳಿಸ್ರಿ ಅಂತ ಹೇಳ.

ತಮ್ಮ, 11:12
ಸರಿ ಮಾವ. ಬುಧವಾರ ಹೋಗ್ತೀನಿ. 3 ತಿಂಗಳಾದ ಮೇಲೆ ಹಿಡಿತ ಎಷ್ಟು ಅಂತ ಬರೆದು ಕೇಳ್ತೀನಿ.

ಚಿಕ್ಕಪ್ಪ, 11:20
ನನ್ನ ಅಭಿಪ್ರಾಯ ಬದಲಾಗಿಲ್ಲ, ಆದ್ರೂ ಹೋಗು. ಮಂಗಳವಾರ ಬೆಳಿಗ್ಗೆ ದಾವಣಗೆರೆ ಎಪಿಎಂಸಿಲಿ ನಮ್ಮ ಲಾರಿಗೆ ಮೆಕ್ಕೆಜೋಳ ತುಂಬ್ತಾರೆ. 6ಕ್ಕೆ ಬಾ. ಚೀಲ ಜೋಡಿಸೋದು, ತಾಡಪಾಲು ಎರಡು ಪದರ ಹಾಕೋದು, ಹಗ್ಗ ಕೊಕ್ಕೆಗೆ ಸುತ್ತೋದು ನೋಡ್ಕೊಂಡು ಹೋಗು. ಕೈಗೆ ಗ್ಲೌಸ್ ತಗೊಂಡು ಬಾ, ನೈಲಾನ್ ಹಗ್ಗ ಕೈ ಕೊಯ್ಯುತ್ತೆ.